ಹಳೆಯ ಸೀರೆಯ ಗಂಟು

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗಳಲ್ಲಿ ಹಳೆಯ ಸೀರೆಗೆ ಸಾಮಾನ್ಯವಾಗಿ ಮೂರು ಗತಿಗಳುಂಟು. ಹರಿದು ಒರೆಸುವ ಅರಿವೆಯಾಗುವುದು ಮೊದಲನೆಯದು. ಕಪಾಟಿನ ಮೇಲಿನ ಸೂಟಕೇಸಿನಲ್ಲಿ ಡಾಂಬರ ಗುಳಿಗೆಗಳ ನಡುವೆ ವರ್ಷಗಟ್ಟಲೆ ಮಲಗಿರುವುದು ಎರಡನೆಯದು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತು ಬಾಗಿಲಿಗೆ ಬಂದಾಗ, ಸ್ಟೀಲಿನ ಡಬ್ಬಿಯಾಗಿ ಮಾರ್ಪಡುವುದು ಮೂರನೆಯದು. ಇವುಗಳಲ್ಲದೆ ನಾಲ್ಕನೆಯ ಗತಿಯೊಂದುಂಟು. ನಮ್ಮ ಹಿರಿಯರಿಗೆ ಅದೇ ಮೊದಲನೆಯದಾಗಿತ್ತು. ಅದು ಕೌದಿ.

ಕೌದಿಯನ್ನು ಮನೆಯಲ್ಲಿಯೇ, ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿಕೊಂಡು ಹೊಲಿಯುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾವು ಈ ವಿದ್ಯೆಯಲ್ಲಿ ಪಂಡಿತರೇನೂ ಅಲ್ಲ. ತಡವಾಗಿ ಕಲಿತವರು, ಅದೂ ಒಂದು ತಪ್ಪು ಮಾಡಿದ ಮೇಲೆ ಕಲಿತವರು. ಆ ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮದು ಗದಗ ಸೀಮೆಯ ಒಂದು ಹಳ್ಳಿ. ಮುಂಬಯಿಗೆ ಬಂದು, ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ ಮಾಡಿ ಇಪ್ಪತ್ತು ವರ್ಷಗಳು ದಾಟಿದವು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಊರಿನಿಂದ ಕರೆತಂದೆವು. ಅವಳ ಜೊತೆಗೆ ಬಂದದ್ದು ಒಂದು ಟ್ರಂಕು ಮತ್ತು ಒಂದು ಗಂಟು. ಟ್ರಂಕಿನಲ್ಲಿ ಉಡುವ ಸೀರೆಗಳು. ಗಂಟಿನಲ್ಲಿ ಉಟ್ಟು ಹಳತಾದ ಸೀರೆಗಳು.

ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೈಗೆ ಕೆಲಸವಿದ್ದ ಜೀವ ಅದು. ಇಲ್ಲಿ ಅವಳಿಗೆ ಗ್ಯಾಲರಿಯ ಕುರ್ಚಿಯೇ ಗತಿಯಾಯಿತು. ನೆರೆಹೊರೆಯ ಮಾತು ಮರಾಠಿ, ಟಿ.ವಿ.ಯ ಮಾತು ಹಿಂದಿ, ಮೊಮ್ಮಗಳ ಮಾತು ಅರ್ಧ ಇಂಗ್ಲಿಷು. “ನೀವು ಸುಮ್ಮನ ಕೂತ್ಕೋರಿ ಅತ್ತಿ, ನಾವು ಮಾಡ್ತೀವಿ” ಎಂದು ಹೇಳುವುದೇ ಹಿರಿಯರಿಗೆ ತೋರಿಸುವ ಗೌರವವೆಂದು ನಾವೂ ತಿಳಿದಿದ್ದೆವು. ಸುಮ್ಮನೆ ಕೂಡುವುದು ಎಂಥ ಶಿಕ್ಷೆಯೆಂಬುದು ನಮಗೆ ಹೊಳೆಯಲಿಲ್ಲ.

ಒಂದು ದೀಪಾವಳಿಯ ಮುಂದೆ ಮನೆ ಸ್ವಚ್ಛ ಮಾಡುವಾಗ ಮಂಚದ ಕೆಳಗಿನ ಗಂಟು ಕಣ್ಣಿಗೆ ಬಿತ್ತು. ಅದೇ ಹೊತ್ತಿಗೆ ಪಾತ್ರೆಯವಳ ಕೂಗೂ ಕೇಳಿಸಿತು. ಅವ್ವ ದೇವಸ್ಥಾನಕ್ಕೆ ಹೋಗಿದ್ದಳು. ನಾಲ್ಕು ಸೀರೆ ಕೊಟ್ಟು ಜೋಳದ ಹಿಟ್ಟಿಗೆ ಸರಿಹೋಗುವ ಒಂದು ಡಬ್ಬಿ ಕೊಂಡೆವು. ಲಾಭವಾಯಿತೆಂದು ಸಂತೋಷಪಟ್ಟೆವು ಕೂಡ.

ಮೂರು ದಿನಗಳ ಮೇಲೆ ಅವ್ವ ಕೇಳಿದಳು: “ಇಲ್ಲಿದ್ದ ಗಂಟು ಎಲ್ಲಿ ಹೋತು?” ಹೇಳಿದೆವು. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. “ಅದರಾಗ ನಮ್ಮವ್ವನ ಸೀರಿ ಇತ್ತು. ಕೌದಿಗಂತ ಇಟ್ಟಿದ್ದೆ” ಎಂದಷ್ಟೇ ಹೇಳಿ ಗ್ಯಾಲರಿಗೆ ಹೋಗಿ ಕುಳಿತಳು.

ಪಾತ್ರೆಯವಳು ಮತ್ತೆ ಬರುವವರೆಗೆ ಒಂದು ವಾರ ಕಾಯ್ದೆವು. ಅವಳದೇನು ತಪ್ಪು? “ಬಟ್ಟೆ ನಮ್ಮ ಹತ್ತಿರ ನಿಲ್ಲುವುದೇ ಇಲ್ಲ, ಆವತ್ತೇ ಮುಂದಿನವರ ಕೈ ಸೇರುತ್ತದೆ” ಎಂದಳು. ಆ ಸೀರೆ ಹೋದದ್ದು ಹೋಯಿತು. ಡಬ್ಬಿ ಮಾತ್ರ ಇನ್ನೂ ಅಡಿಗೆಮನೆಯಲ್ಲಿದೆ.

ಕೆಲ ದಿನಗಳ ಮೇಲೆ ಅವ್ವ ತಾನಾಗಿಯೇ ಟ್ರಂಕು ತೆರೆದು, ಉಡುವ ಸೀರೆಗಳಲ್ಲಿ ಎರಡನ್ನು ಹೊರಗೆ ತೆಗೆದಳು. ಒಂದು ಇಳಕಲ್ ಸೀರೆ, ನಡುವೆ ಸವೆದು ಜಾಳಾದದ್ದು. ಮತ್ತೊಂದು ಸಾದಾ ಹತ್ತಿಯದು. “ಸೂಜಿ ನೂಲು ಅದಾವೇನು?” ಎಂದು ಕೇಳಿದಳು. ನಮ್ಮ ಮನೆಯಲ್ಲಿ ಕೌದಿ ಶುರುವಾದದ್ದು ಹೀಗೆ.

ಕೌದಿ ಎಂದರೇನು?

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಉದ್ದಕ್ಕೂ ಕೈಹೊಲಿಗೆ ಹಾಕಿದ ಹಾಸಿಗೆ ಹೊದಿಕೆಯೇ ಕೌದಿ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಮೈಸೂರಿನ ಕಡೆಯವರು ಬೊಂತೆ ಎಂದರೆ ಇದನ್ನೇ ನೆನೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕೌದಿ ಹಾಸಿ, ಓಣಿಯ ಹೆಣ್ಣುಮಕ್ಕಳು ಸುತ್ತಲೂ ಕುಳಿತು ಹೊಲಿಯುತ್ತಿದ್ದರು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಉಂಟು.

ನಾವು ಈಗ ನೆಲೆಸಿರುವ ನಾಡುಗಳಿಗೂ ಇದು ಹೊಸದಲ್ಲ. ಮಹಾರಾಷ್ಟ್ರದವರು ಗೋಧಡಿ ಎನ್ನುತ್ತಾರೆ, ವಾಕಳ ಎನ್ನುವವರೂ ಇದ್ದಾರೆ. ತೆಲುಗರಲ್ಲಿ ಬೊಂತ, ಹಿಂದಿಯವರಲ್ಲಿ ಗುದಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಹೊಲಿಗೆ ಸ್ವಲ್ಪ ಸ್ವಲ್ಪ ಬೇರೆ. ಹಳೆಯದನ್ನು ಬಿಸುಡಬಾರದೆಂಬ ಗೃಹಿಣಿಯ ಬುದ್ಧಿ ಎಲ್ಲ ಕಡೆಗೂ ಒಂದೇ. ಡೊಂಬಿವಲಿಯ ನಮ್ಮ ನೆರೆಯ ಮರಾಠಿ ಅಜ್ಜಿ ಅವ್ವನ ಕೌದಿಯನ್ನು ಕಂಡು, “ಗೋಧಡಿ!” ಎಂದು ಪಕ್ಕದಲ್ಲಿಯೇ ಕುಳಿತುಬಿಟ್ಟರು. ಭಾಷೆ ಬಾರದ ಇಬ್ಬರು ಅಜ್ಜಿಯಂದಿರು ಆ ದಿನ ಎರಡು ತಾಸು ಮಾತಾಡಿದರು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಈಗ ದೇಶವಿದೇಶಗಳಲ್ಲಿ ಹೆಸರಾಗಿದೆ. ಅವರು ಅಂಚಿನ ಒಂದು ಮೂಲೆಯಿಂದ ಹೊಲಿಗೆ ಹಿಡಿದು, ಸುತ್ತು ಸುತ್ತು ಬರುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ ‘ಫುಲ’, ಎಂದರೆ ಹೂವು, ಹಚ್ಚುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ನಮ್ಮ ಮಗಳಿಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಕೌದಿಗೂ ನಾಲ್ಕು ಹೂವು ಹಚ್ಚಿಸಿದಳು.

ಬೇಕಾಗುವ ಸಾಮಾನು

ದೊಡ್ಡ ಕೌದಿಗೆ ಕೈಹಾಕುವ ಮೊದಲು ಒಂದು ಚಿಕ್ಕದನ್ನು ಹೊಲಿದು ನೋಡಿರಿ. ಸಾಮಾನ್ಯ ಆರು ಗಜದ ಸೀರೆ ಸುಮಾರು ಐದೂವರೆ ಮೀಟರು ಉದ್ದ, 115 ಸೆಂಟಿಮೀಟರು ಅಗಲ ಇರುತ್ತದೆ. ಇಂಥ ಒಂದೇ ಸೀರೆಯಲ್ಲಿ 90 ಸೆಂಟಿಮೀಟರು ಅಗಲ, 110 ಸೆಂಟಿಮೀಟರು ಉದ್ದದ, ನಾಲ್ಕು ಪದರಿನ ಚಿಕ್ಕ ಕೌದಿ ಆಗುತ್ತದೆ. ಇದಲ್ಲದೆ ಬೇಕಾದವು: ದಪ್ಪ ಹತ್ತಿಯ ನೂಲು, ಉದ್ದನೆಯ ಐದಾರು ಸೂಜಿಗಳು (ಕಣ್ಣು ದೊಡ್ಡದಿರಲಿ), ಕತ್ತರಿ, ಸೂಜಿ ತಳ್ಳಲು ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ, ಮತ್ತು ಮೇಲೆ ಹಚ್ಚಲು ಕುಬಸದ ಖಣ, ಪರಕಾರ, ಅಂಗಿಗಳ ಬಣ್ಣದ ತುಂಡುಗಳು.

ಸೀರೆ ಹತ್ತಿಯದೇ ಇರಬೇಕು. ನೈಲಾನು, ಪಾಲಿಯೆಸ್ಟರುಗಳನ್ನು ಹತ್ತಿಯೊಡನೆ ಸೇರಿಸಿದರೆ ತೊಳೆದಾಗ ಒಂದು ಕುಗ್ಗಿ, ಮತ್ತೊಂದು ಹಾಗೆಯೇ ಉಳಿದು, ಕೌದಿ ಗುಬ್ಬಳಿಸುತ್ತದೆ. ಅವು ಬೆವರನ್ನೂ ಹೀರುವುದಿಲ್ಲ. ಹಲವು ಸಲ ಒಗೆದ ಹತ್ತಿಯ ಸೀರೆಯಲ್ಲಿ ಗಂಜಿಯೆಲ್ಲ ಹೋಗಿ ನೂಲು ಮೆತ್ತಗಾಗಿರುತ್ತದೆ. ಪದರುಗಳ ನಡುವೆ ನಿಂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕೌದಿ ಬೆಚ್ಚಗಿರುವ ಗುಟ್ಟು ಇಷ್ಟೇ. ಪದರು ಹೆಚ್ಚಿದಷ್ಟೂ ಬಿಸುಪು ಹೆಚ್ಚು. ದೆಹಲಿಯ ಚಳಿಗೆ ಆರೇಳು ಪದರು ಬೇಕಾದೀತು. ಮುಂಬಯಿ, ಚೆನ್ನೈಗಳಿಗೆ ಮೂರು ಸಾಕು.

ಹೊಲಿಯುವ ಕ್ರಮ

1. ಸೀರೆಯ ಫಾಲು, ಜರಿ ಇದ್ದರೆ ಬಿಚ್ಚಿ ತೆಗೆಯಿರಿ. ಜರಿ ಮೈಗೆ ಚುಚ್ಚುತ್ತದೆ. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿರಿ. ಕೆಂಪು ಸೆರಗು, ಗಾಢ ಬಣ್ಣದ ತುಂಡುಗಳಿದ್ದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿರಿ. ಬಣ್ಣ ಹತ್ತಿದರೆ ಅದನ್ನು ಕೌದಿಗೆ ಹಾಕಬೇಡಿ.

2. ಸೀರೆಯನ್ನು 95 ಸೆಂಟಿಮೀಟರಿಗೊಂದರಂತೆ ನಾಲ್ಕು ತುಂಡು ಮಾಡಿರಿ. ಇದಕ್ಕೆ ಮೂರು ಮೀಟರು 80 ಸೆಂಟಿಮೀಟರು ಹೋಗುತ್ತದೆ. ಉಳಿದ ಸುಮಾರು ಒಂದು ಮೀಟರು 70 ಸೆಂಟಿಮೀಟರಿನಲ್ಲಿ ಸೆರಗು ಮತ್ತು ಅಲಂಕಾರದ ತುಂಡುಗಳಾಗುತ್ತವೆ. ಸವೆದ, ಹರಿದ ಭಾಗ ಒಳಪದರಿಗೆ. ಗಟ್ಟಿ ಇದ್ದದ್ದು ಹೊರಗೆ.

3. ನೆಲವನ್ನು ಒರೆಸಿ, ನಾಲ್ಕು ಪದರನ್ನೂ ಒಂದರ ಮೇಲೊಂದು ಸುಕ್ಕಿಲ್ಲದಂತೆ ಹಾಸಿರಿ. ಸರಿಯದ ಹಾಗೆ ನಾಲ್ಕು ಮೂಲೆಗೆ ಭಾರ ಇಡಬೇಕು. ನಾವು ಇಟ್ಟ ಭಾರಗಳಲ್ಲಿ ಆ ಹಿಟ್ಟಿನ ಡಬ್ಬಿಯೂ ಒಂದು.

4. ಬೇರೆ ಬಣ್ಣದ ನೂಲಿನಿಂದ ಮೂಲೆಯಿಂದ ಮೂಲೆಗೆ, ಮತ್ತು ನಡುವೆ ಅಡ್ಡ ಉದ್ದ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿರಿ. ಇದು ಕೊನೆಗೆ ಬಿಚ್ಚಿ ತೆಗೆಯುವುದು. ಆತುರದವರು ಈ ಕೆಲಸ ಬಿಟ್ಟುಬಿಡುತ್ತಾರೆ. ಆಮೇಲೆ ಒಳಪದರು ಮುದ್ದೆಯಾಗಿ ಪಶ್ಚಾತ್ತಾಪಪಡುತ್ತಾರೆ.

5. ನಾಲ್ಕು ಬದಿಗಳಲ್ಲಿಯೂ ಮೇಲಿನ ಮತ್ತು ಕೆಳಗಿನ ಪದರುಗಳ ಅಂಚನ್ನು ಒಳಕ್ಕೆ ಎರಡೂವರೆ ಸೆಂಟಿಮೀಟರು ಮಡಿಸಿ, ಸುತ್ತಲೂ ಒತ್ತಾಗಿ ಹೊಲಿಯಿರಿ. ಒಳಪದರುಗಳನ್ನು ಅಷ್ಟೇ ಕತ್ತರಿಸಿಬಿಟ್ಟರೆ ಅಂಚು ದಪ್ಪವಾಗುವುದಿಲ್ಲ.

6. ಬಣ್ಣದ ತುಂಡುಗಳ ಅಂಚು ಮಡಿಸಿ ಬೇಕಾದಲ್ಲಿ ಹಚ್ಚಿರಿ. ಚೌಕ, ತ್ರಿಕೋನಗಳಿಂದ ಆರಂಭಿಸುವುದು ಸುಲಭ. ಕೈ ಕುದುರಿದ ಮೇಲೆ ಕಸೂತಿಯಲ್ಲಿ ಬರುವ ತೇರು, ಗೋಪುರ, ತುಳಸಿಕಟ್ಟೆ, ಆನೆಗಳನ್ನೂ ಕತ್ತರಿಸಿ ಹಚ್ಚಬಹುದು. ಚಿತ್ರ ಬರೆಯುವ ಕೆಲಸ ಮಕ್ಕಳಿಗಿರಲಿ.

7. ಇನ್ನು ಮುಖ್ಯ ಹೊಲಿಗೆ. ಸೂಜಿ ಒಳಗೊಮ್ಮೆ, ಹೊರಗೊಮ್ಮೆ. ಇದಕ್ಕಿಂತ ಸುಲಭದ ಹೊಲಿಗೆಯಿಲ್ಲ. ಉದ್ದಕ್ಕೆ ಒಂದು ಸಾಲು, ಅದರ ಪಕ್ಕಕ್ಕೆ ಎರಡು ಬೆರಳು ಬಿಟ್ಟು ಮತ್ತೊಂದು ಸಾಲು. ಸೂಜಿ ಪ್ರತಿ ಸಲವೂ ನಾಲ್ಕು ಪದರನ್ನೂ ದಾಟಬೇಕು. ನೂಲು ಒಂದು ಕೈ ಉದ್ದಕ್ಕಿಂತ ಹೆಚ್ಚಿರಬಾರದು, ಗಂಟು ಬೀಳುತ್ತದೆ. ಜಗ್ಗಿ ಎಳೆಯಬಾರದು, ಬಟ್ಟೆ ಸುಕ್ಕಾಗುತ್ತದೆ. ಮೇಲೆ ಗಂಟು ಹಾಕದೆ, ನೂಲಿನ ತುದಿಯನ್ನು ಪದರಿನೊಳಗೆ ಅಡಗಿಸಿ, ಅಲ್ಲಿಯೇ ಒಂದು ಹಿಂದುಹೊಲಿಗೆ ಹಾಕಿ ಮುಂದೆ ಸಾಗಬೇಕು. “ಗಂಟು ಹಾಕಬ್ಯಾಡ ಯವ್ವಾ, ಮಲಗಿದವರ ಮೈಗೆ ಚುಚ್ಚತೈತಿ” ಎಂದು ಅವ್ವ ಮೊಮ್ಮಗಳಿಗೆ ಹೇಳಿದ ಮೊದಲ ಪಾಠ ಇದೇ.

ಸಾಲುಗಳ ನಡುವೆ ಮೂರು ಸೆಂಟಿಮೀಟರು ಬಿಟ್ಟರೆ ಈ ಅಳತೆಯ ಕೌದಿಗೆ ಸುಮಾರು ಮೂವತ್ತು ಸಾಲುಗಳಾಗುತ್ತವೆ. ದಿನಕ್ಕೆ ಎರಡೇ ಸಾಲು ಹೊಲಿದರೂ ಹದಿನೈದು ದಿನಗಳಲ್ಲಿ ಮುಗಿಯುತ್ತದೆ. ಅಂಚು, ಅಲಂಕಾರಗಳಿಗೆ ಮತ್ತೊಂದು ವಾರ ಹಿಡಿಯಿರಿ.

ಯಾರು ಯಾವ ಕೆಲಸ ಮಾಡಬೇಕು?

ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದು. ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೀವೇ ಹೊಲಿಯಬೇಡಿ. ಅವರೇ ಗುರುಗಳಾಗಲಿ, ನಿಮಗೆ ಬರುವುದಿದ್ದರೂ ಅವರನ್ನೇ ಕೇಳಿರಿ.

ಅವ್ವನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೊಲಿಗೆ ಕೈಗೆ ಗೊತ್ತು. ನೂಲು ಪೋಣಿಸುವುದು ಮಾತ್ರ ಆಗದು. ಹನ್ನೊಂದು ವರ್ಷದ ಮೊಮ್ಮಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಳು. ದಿನವೂ ಶಾಲೆಗೆ ಹೋಗುವ ಮೊದಲು ಹತ್ತು ಸೂಜಿಗಳಿಗೆ ನೂಲು ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. ಸಂಜೆ ಬಂದು ಎಣಿಸುವಳು: “ಅಜ್ಜಿ, ಇವತ್ತು ಏಳು ಮುಗಿಸೀಯಲ್ಲ!” ಸಂಜೆಯ ಒಂದು ಸಾಲು ಅವಳದು.

ಹೊಲಿಯುವಾಗ ಮಾತು ತಾನಾಗಿ ಬರುತ್ತದೆ. ಇದು ಒಡಲು, ಇದು ದಡಿ, ಇದು ಸೆರಗು. ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಮಗ್ಗದಲ್ಲಿಯೇ ಎಳೆಗೆ ಎಳೆ ಕೂಡಿಸಿ ನೇಯುತ್ತಾರೆ; ಅದಕ್ಕೆ ತೋಪುತೆನಿ ಎನ್ನುತ್ತಾರೆ. ಈ ಖಣ ಗುಳೇದಗುಡ್ಡದ್ದು. ಈ ಸೀರೆ ನಿಮ್ಮಪ್ಪ ಹುಟ್ಟಿದ ವರ್ಷ ಸಂತೆಯಲ್ಲಿ ಕೊಂಡದ್ದು, ಆ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ಕನ್ನಡ ಕಲಿಸಬೇಕೆಂದು ನಾವು ಪುಸ್ತಕ ಹಿಡಿದು ಕೂಡಿಸಿದಾಗ ಆಕಳಿಸುತ್ತಿದ್ದ ಹುಡುಗಿ, ಈಗ ತಾನಾಗಿಯೇ “ಆಮ್ಯಾಲೆ ಏನಾತು?” ಎಂದು ಕೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಕೇಳಿದರೆ ಅಜ್ಜಿಯಿಂದ ಕಥೆ ಹೊರಡುವುದಿಲ್ಲವೆಂಬುದು ಅವಳಿಗೆ ಬೇಗನೆ ತಿಳಿಯಿತು.

ಗಂಡಸರೂ ಗಂಡುಮಕ್ಕಳೂ ದೂರ ನಿಲ್ಲಬೇಕಾಗಿಲ್ಲ. ಅಳೆಯುವುದು, ಕತ್ತರಿಸುವುದು, ಕಚ್ಚಾ ಹೊಲಿಗೆ ಹಾಕುವುದು ಯಾರಾದರೂ ಮಾಡಬಹುದಾದ ಕೆಲಸಗಳು.

ಉಳಿದ ಚೂರುಗಳಿಂದ

ಕೌದಿಯಷ್ಟು ತಾಳ್ಮೆ ಇಲ್ಲದವರಿಗೂ, ಚಿಕ್ಕ ಮಕ್ಕಳಿಗೂ ಸಣ್ಣ ಕೆಲಸಗಳುಂಟು.

ಸಿಂಬಿ: ಹಿಂದೆ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದುದು. ಸೀರೆಯ ಉದ್ದನೆಯ ಪಟ್ಟಿಯನ್ನು ಹುರಿಮಾಡಿ, ದುಂಡಗೆ ಸುತ್ತಿ, ಮೇಲೆ ಬಣ್ಣದ ಪಟ್ಟಿ ಬಿಗಿದು ಹೊಲಿದರೆ ಬಿಸಿ ಪಾತ್ರೆಯ ಕೆಳಗಿಡಲು ಚೆನ್ನಾಗಿರುತ್ತದೆ. ಏಳೆಂಟು ವರ್ಷದ ಮಕ್ಕಳೂ ಮಾಡಿಯಾರು.

ಜಡೆಯ ಕಾಲೊರಸು: ಹಳೆಯ ಬಟ್ಟೆಗಳನ್ನು ನಾಲ್ಕು ಬೆರಳಗಲದ ಪಟ್ಟಿಗಳಾಗಿ ಹರಿದು, ಮೂರು ಪಟ್ಟಿ ಹಿಡಿದು ಜಡೆ ಹೆಣೆಯಿರಿ. ತುದಿಗೆ ಪಟ್ಟಿ ಸೇರಿಸುತ್ತ ಉದ್ದ ಮಾಡಿ, ಚಕ್ಕುಲಿಯಂತೆ ಸುತ್ತುತ್ತ, ಪಕ್ಕಪಕ್ಕದ ಸುತ್ತುಗಳನ್ನು ಕೂಡಿಸಿ ಹೊಲಿಯಿರಿ. ನೆಲದ ಮೇಲೆ ಚಪ್ಪಟೆಯಾಗಿ ಹಾಸಿಕೊಂಡೇ ಹೊಲಿಯಬೇಕು. ಕೈಯಲ್ಲಿ ಎತ್ತಿ ಹೊಲಿದರೆ ಬುಟ್ಟಿಯಂತೆ ಎದ್ದುಬಿಡುತ್ತದೆ. ಕೌದಿಗೆ ಬಾರದ ಪಾಲಿಯೆಸ್ಟರು ಸೀರೆಗಳಿಗೆ ಇದೇ ಸದ್ಗತಿ.

ಚಂಚಿ: ಅಜ್ಜಂದಿರ ಎಲೆಅಡಿಕೆಯ ಚೀಲ. ಖಣದ ತುಂಡು 20 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಉದ್ದ ಇದ್ದರೆ ಸಾಕು. ಎರಡು ಮಡಿಕೆ ಮಾಡಿ ಬದಿ ಹೊಲಿದು, ಬಾಯಿಗೆ ದಾರ ಪೋಣಿಸಿರಿ. ಎಲೆಅಡಿಕೆ ಹಾಕುವವರಿಲ್ಲದಿದ್ದರೆ ಚಿಲ್ಲರೆಗೋ, ಮೊಬೈಲಿನ ಚಾರ್ಜರಿಗೋ ಆದೀತು.

ಪ್ಯಾಂಟಿನ ಚೀಲ: ಜೀನ್ಸಿನ ಕಾಲನ್ನು 40 ಸೆಂಟಿಮೀಟರು ಕತ್ತರಿಸಿ, ಕೆಳಗಿನ ಬಾಯಿ ಹೊಲಿದು, ಸೊಂಟದ ಪಟ್ಟಿಯನ್ನೇ ಹಿಡಿಕೆ ಮಾಡಿದರೆ ಕಾಯಿಪಲ್ಲೆ ತರಲು ಗಟ್ಟಿ ಚೀಲ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿರುವುದನ್ನು ವಾಚಕರು ಬಲ್ಲರು.

ಎರಡು ಎಚ್ಚರಿಕೆಗಳು

ಕೂಸಿಗಾಗಿ ಹೊಲಿಯುವ ಕೌದಿಗೆ ಗುಂಡಿ, ಕನ್ನಡಿ, ಮಣಿಗಳನ್ನು ಹಚ್ಚಬಾರದು. ಮುಗಿದ ಮೇಲೆ ಸೂಜಿಗಳನ್ನು ಎಣಿಸಿ ತೆಗೆದಿಡಬೇಕು. ವರ್ಷ ತುಂಬದ ಕೂಸು ನಿದ್ರಿಸುವಾಗ ಸಡಿಲವಾದ ಹೊದಿಕೆ ಮುಖಕ್ಕೆ ಬೀಳುವ ಭಯವಿರುವುದರಿಂದ, ಕೌದಿಯನ್ನು ಹೊದಿಸದೆ ನೆಲದ ಮೇಲೆ ಹಾಸಿ ಆಡಿಸಲು ಉಪಯೋಗಿಸಿರಿ.

ಎರಡನೆಯದು, ಮಳೆಗಾಲದಲ್ಲಿ ಕೌದಿ ಒಗೆಯಬೇಡಿ. ಮುಂಬಯಿಯ ಮಳೆಯಲ್ಲಿ ಒಳಪದರು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿ, ಒಣಗಿದ ಬೇವಿನೆಲೆಗಳೊಡನೆ ಮಡಿಸಿಡಿರಿ.

ಕೊನೆಯ ಮಾತು

ನಮ್ಮ ಕೌದಿ ಯುಗಾದಿಯ ಮುಂದೆ ಮುಗಿಯಿತು. ಒಂದು ಬದಿಯಲ್ಲಿ ಅವ್ವನ ಸಾಲುಗಳು, ಗೆರೆ ಎಳೆದಂತೆ ನೇರ. ನಡುನಡುವೆ ಮಗಳ ಸಾಲುಗಳು, ಹಾವು ಹರಿದಂತೆ. ಅವನ್ನು ಬಿಚ್ಚಿ ಮತ್ತೆ ಹಾಕೋಣವೆಂದು ನಾವೆಂದೆವು. ಅವ್ವ ಒಪ್ಪಲಿಲ್ಲ. “ಇರಲಿ ಬಿಡ್ರಿ. ನಾನೂ ಮೊದಲು ಹೀಂಗ ಹಾಕಿದ್ದೆ. ನಮ್ಮವ್ವ ಬಿಚ್ಚಲಿಲ್ಲ” ಎಂದಳು.

ಆ ಮಾತು ಕೇಳಿದಾಗ ಕಳೆದುಹೋದ ಸೀರೆಯ ನೆನಪಾಗಿ ನಮಗೆ ತಲೆಯೆತ್ತಲಾಗಲಿಲ್ಲ. ಆ ಸೀರೆಯಿದ್ದರೆ ಈ ಕೌದಿಯಲ್ಲಿ ನಾಲ್ಕು ತಲೆಮಾರು ಕೂಡುತ್ತಿದ್ದವು. ಈಗ ಮೂರೇ ಇವೆ. ವಾಚಕರ ಮನೆಗಳಲ್ಲಿ ಅಂಥ ಗಂಟು ಇನ್ನೂ ಇದ್ದರೆ, ಕೊಡುವ ಮೊದಲು ಒಮ್ಮೆ ಬಿಚ್ಚಿ, ಇದು ಯಾರ ಸೀರೆಯೆಂದು ಮನೆಯ ಹಿರಿಯರನ್ನು ಕೇಳಿರಿ. ಕೇಳಲು ಅವರು ಇರುವಾಗಲೇ ಕೇಳಿರಿ.

ಸಂಘಗಳಲ್ಲಿಯೂ ಈ ಕೆಲಸ ಚೆನ್ನಾಗಿ ಸಾಗೀತು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಂಘದ ಸಭಾಗೃಹದಲ್ಲಿ ಒಂದು ಕೌದಿ ಹಾಸಿದರೆ ಎಂಟು ಮಂದಿ ಸುತ್ತಲೂ ಕೂಡಬಹುದು. ಪ್ರತಿಯೊಂದು ಮನೆಯಿಂದ ಒಂದೊಂದು ತುಂಡು ತಂದರೆ ಸಾಕು. ಹಿರಿಯರಿಗೆ ಕನ್ನಡದಲ್ಲಿ ಮಾತನಾಡಲು ಜೊತೆ ಸಿಗುತ್ತದೆ, ಮಕ್ಕಳಿಗೆ ಕಲಿಸುವವರು ಸಿಗುತ್ತಾರೆ.

ನಮ್ಮ ಮನೆಯಲ್ಲಿ ಮಂಚದ ಕೆಳಗೆ ಈಗ ಮತ್ತೊಂದು ಗಂಟು ಕಟ್ಟಿಟ್ಟಿದ್ದೇವೆ. ಅದರ ಮೇಲೆ ಮಗಳು ಕಾಗದದ ಚೀಟಿ ಅಂಟಿಸಿದ್ದಾಳೆ: “ಕೌದಿಗೆ. ಯಾರೂ ಕೊಡಬಾರದು.” ‘ಕೌದಿ’ಯ ಔತ್ವವನ್ನು ತಪ್ಪಾಗಿ ಬರೆದಿದ್ದಳು. ಅಜ್ಜಿಯೇ ತಿದ್ದಿಸಿದಳು.